ಅತ್ತೆಯ ಕಿವಿಗೆ ಬಿದ್ದ ಕಿವಿಮಾತು

ಜಿಯಾವುಲ್ಲಾ ಸಾಹೇಬರಿಗೆ ಈಚೆಗೆ ಇದ್ದದ್ದು ಎರಡೇ ದೂರು. ಒಂದು, ಸ್ಟುಡಿಯೋದಲ್ಲಿರುವ ನಾನಿ ಸೋಲುತ್ತಿದ್ದಾಳೆ. ಇನ್ನೊಂದು, ಮನೆಯಲ್ಲಿರುವ ಹೆಂಡತಿ ಫಹ್ಮಿದಾಳ ಗಂಟಲು ದಿನದಿಂದ ದಿನಕ್ಕೆ ಒರಟಾಗುತ್ತಿದೆ. ಮೊದಲನೆಯ ದೂರನ್ನು ಅವರು ಸ್ಕ್ರೂಡ್ರೈವರ್ ಹಿಡಿದು ವಿಚಾರಿಸಿಕೊಳ್ಳುತ್ತಿದ್ದರು. ಎರಡನೆಯದಕ್ಕೆ ಸ್ಕ್ರೂಡ್ರೈವರ್ ನಡೆಯುವುದಿಲ್ಲವಲ್ಲ, ಹಾಗಾಗಿ "ಮೆಲ್ಲಗೆ ಮಾತಾಡೇ, ಅಕ್ಕಪಕ್ಕದವರು ಏನಂದ್ಕೋತಾರೆ" ಎಂದು ಗದರಿ ಸುಮ್ಮನಾಗುತ್ತಿದ್ದರು. ಮನೆಯಲ್ಲಿ ಅವರು ಆಡುವುದು ದಖ್ನಿ ಉರ್ದು. ನಾನು ಕನ್ನಡದಲ್ಲೇ ಹೇಳಿಬಿಡುತ್ತೇನೆ, ಜಗಳಕ್ಕೆ ಯಾವ ಭಾಷೆಯಾದರೇನು.

ನಾನಿ ಅಂದರೆ ಅಜ್ಜಿ ನಿಜ, ಆದರೆ ಈ ನಾನಿ ಮನುಷ್ಯಳಲ್ಲ, ಕಬ್ಬಿಣದ ಡಬ್ಬಿ. ಶಿವಾಜಿನಗರದ ಒಂದು ಗಲ್ಲಿಯಲ್ಲಿ, ಬುರ್ಖಾ ಹೊಲಿಯುವ ಅಂಗಡಿಯ ಮೇಲಿನ ಮಹಡಿಯಲ್ಲಿ, ಗೋಡೆಗೆಲ್ಲ ಹಳೆಯ ಹಾಸಿಗೆಯ ಹತ್ತಿ ತುಂಬಿಸಿ ಮಾಡಿಕೊಂಡ ಸ್ಟುಡಿಯೋ ಅವರದು. ಅಲ್ಲಿ ಮೇಜಿನ ಪಕ್ಕದ ಕಪಾಟಿನಲ್ಲಿ ಒಂದರ ಮೇಲೊಂದು ನಾಲ್ಕು ಕಂಪ್ರೆಸರ್‌ಗಳು ಕೂತಿದ್ದವು. ಕಂಪ್ರೆಸರ್ ಮಾಡುವುದು ಇಷ್ಟೇ: ಹಾಡುವವರ ದನಿ ಮಿತಿಮೀರಿ ಏರಿದಾಗ ಅದನ್ನು ಒತ್ತಿ ಹಿಡಿಯುವುದು. ಹಾಗೆ ತಲೆ ಎತ್ತಿದ್ದನ್ನೆಲ್ಲ ತಗ್ಗಿಸಿದ ಮೇಲೆ ಒಟ್ಟು ದನಿಯನ್ನು ಮೇಲಕ್ಕೆತ್ತಿದರೆ, ತಳದಲ್ಲಿ ಕೂತಿದ್ದ ಪಿಸುಮಾತೂ ಎದ್ದು ಬಂದು ಮುಂದಿನ ಸಾಲಿನಲ್ಲಿ ನಿಲ್ಲುತ್ತದೆ. ನಾಲ್ಕೂ ಮಾಡುವ ಕೆಲಸ ಇದೇ, ಆದರೆ ಒಬ್ಬೊಬ್ಬರ ಕೈ ಒಂದೊಂದು ಥರ. ಅದಕ್ಕೇ ಸಾಹೇಬರು ಅವಕ್ಕೆ ಮನೆಮಂದಿಯ ಹೆಸರಿಟ್ಟಿದ್ದರು.

ನಾನಿಯ ಹೊಟ್ಟೆಯಲ್ಲಿ ಒಂದು ಪುಟ್ಟ ದೀಪ, ಅದರೆದುರಿಗೆ ಬೆಳಕು ಬಿದ್ದರೆ ಗುಣ ಬದಲಿಸುವ ಒಂದು ಚೂರು. ದನಿ ಏರಿದರೆ ದೀಪ ಹತ್ತುತ್ತದೆ, ದೀಪ ಹತ್ತಿದರೆ ಆ ಚೂರು ದನಿಯನ್ನು ತಗ್ಗಿಸುತ್ತದೆ. ಬೆಳಕಿನ ವ್ಯವಹಾರವಾದ್ದರಿಂದ ಎಲ್ಲ ನಿಧಾನ. ಗದರುವುದೂ ತಡ, ಗದರಿದ್ದನ್ನು ಮರೆಯುವುದು ಇನ್ನೂ ತಡ. ನಾನಿಯ ಕೈಯಲ್ಲಿ ಹಾದು ಬಂದ ದನಿಗೆ ತಾನು ಹಿಡಿತದಲ್ಲಿದ್ದೆ ಎಂಬುದೇ ಗೊತ್ತಿರುವುದಿಲ್ಲ. ಅವಳ ಕೆಳಗಿರುವವಳು ಅತ್ತೆ. ಮೊದಲು ಸಾಸ್ ಅನ್ನುತ್ತಿದ್ದರು, ಕನ್ನಡದ ಗಿರಾಕಿಗಳು ಹೆಚ್ಚಾದ ಮೇಲೆ ಅತ್ತೆಯಾದಳು. ಟ್ರಾನ್ಸಿಸ್ಟರ್ ಜಾತಿಯವಳು, ಸೊಸೆ ಬಾಯಿ ತೆರೆಯುವುದರೊಳಗೆ ಹಿಡಿದಿರುತ್ತಾಳೆ, ಹಿಡಿದದ್ದಕ್ಕೆ ಇಷ್ಟು ಖಾರವನ್ನೂ ಸವರಿ ಬಿಡುತ್ತಾಳೆ. ತಮಟೆಗೆ, ಡ್ರಮ್ಮಿಗೆ, ಪಟಪಟ ಮಾತಿನ ಹಾಡು ಹೇಳುವ ಹುಡುಗರಿಗೆ ಅವಳೇ ಸರಿ. ಮೂರನೆಯವನು ಇನ್‌ಸ್ಪೆಕ್ಟರ್. ಒಂದು ಎಲೆಕ್ಟ್ರಾನಿಕ್ ಚಿಪ್‌ನ ಲೆಕ್ಕಾಚಾರದ ಮೇಲೆ ನಡೆಯುವವನು, ಹಾಕಿಕೊಟ್ಟ ಗೆರೆ ದಾಟಿದವರಿಗೆ ದಾಟಿದಷ್ಟಕ್ಕೇ ಶಿಕ್ಷೆ, ತನ್ನದೆಂಬ ಬಣ್ಣ ಸೇರಿಸುವವನಲ್ಲ. ಕೊನೆಗೆ ಚಾಚಾ, ಹಳೇ ರೇಡಿಯೋದಲ್ಲಿರುತ್ತಿದ್ದಂಥ ಗಾಜಿನ ವಾಲ್ವಿನವನು. ಬಿಸಿಯಾಗುವ ತನಕ ಅವನನ್ನು ಮಾತಾಡಿಸುವಂತಿಲ್ಲ. ಮೆಲ್ಲಗೆ ತಳ್ಳಿದರೆ ಮೆಲ್ಲಗೆ ತಡೆಯುತ್ತಾನೆ, ಜೋರಾಗಿ ತಳ್ಳಿದರೆ ಅದಕ್ಕೂ ಮೀರಿ ಬಿಗಿಯುತ್ತಾನೆ. ಹಾಡು ಮುಗಿದ ಮೇಲೆ ಇಡೀ ಮೇಳವನ್ನು ಒಂದೇ ಜಮಖಾನೆಯ ಮೇಲೆ ಕೂರಿಸುವುದು ಚಾಚಾನ ಕೆಲಸ.

ಹಾಡುಗಾರರ ದನಿಗೆ ಸಾಹೇಬರು ನಾನಿಯನ್ನು ಬಿಟ್ಟು ಇನ್ನೊಬ್ಬರನ್ನು ಮುಟ್ಟಿಸುತ್ತಿರಲಿಲ್ಲ. ಪ್ರವಾದಿಯನ್ನು ಹೊಗಳುವ ನಾತ್ ಹಾಡುವವರಿರಲಿ, ಚರ್ಚಿನ ತಮಿಳು ಹಾಡಿನವರಿರಲಿ, ಹಲಸೂರಿನ ಭಜನೆ ಮಂಡಳಿಯಿರಲಿ, "ಜಿಯಾ ಭಾಯ್ ಕೈ ಹಗುರ" ಎಂದು ಹುಡುಕಿಕೊಂಡು ಬರುತ್ತಿದ್ದರು. ಆ ಹೆಸರು ಅವರ ಆಸ್ತಿ. ಮಕ್ಕಳಿಲ್ಲದ ಮನೆಯಲ್ಲಿ ಅದೇ ಮಗುವೂ ಆಗಿತ್ತು.

ಅವರಿಗೆ ಕೆಲಸ ಕಲಿಸಿದ ಉಸ್ತಾದ್ ಲತೀಫ್ ಕ್ಯಾಸೆಟ್ ಕಾಲದವರು. ಅವರದೊಂದೇ ಮಂತ್ರ: "ಬಾಗಿಲಲ್ಲೇ ಹಿಡಿ." ಅಂದರೆ ದನಿ ಮೈಕಿನಿಂದ ಹೊರಟು ಟೇಪಿನ ಮೇಲೆ ಕೂರುವ ಮೊದಲೇ ಕಂಪ್ರೆಸರ್ ದಾಟಿ ಬರಬೇಕು. ಕ್ಯಾಸೆಟ್ಟಿಗೆ ತನ್ನದೇ ಒಂದು ಸುಯ್ ಎನ್ನುವ ಸದ್ದಿತ್ತು, ಕೇಳುವವರು ಆಟೋದಲ್ಲಿ, ಚಹಾ ಅಂಗಡಿಯಲ್ಲಿ, ಗಿರಣಿ ಪಕ್ಕದಲ್ಲಿ ಕೂತು ಕೇಳುವವರು. ಮೆಲುದನಿಯನ್ನು ಬಾಗಿಲಲ್ಲೇ ಎತ್ತಿ ಕೊಡದಿದ್ದರೆ ಅದು ಆ ಸದ್ದಿನಲ್ಲಿ ಮುಳುಗುತ್ತಿತ್ತು. ಈಗ ಕಂಪ್ಯೂಟರ್ ಬಂದಿದೆ, ದನಿಯನ್ನು ಇದ್ದ ಹಾಗೇ ಹಿಡಿದು ಆಮೇಲೆ ಬೇಕಾದ ಹಾಗೆ ತಿದ್ದಬಹುದು. ಆದರೂ ಸಾಹೇಬರು ಉಸ್ತಾದರ ದಾರಿ ಬಿಡಲಿಲ್ಲ. ಬಾಗಿಲಲ್ಲಿ ಒತ್ತಿದ್ದನ್ನು ಮತ್ತೆ ಬಿಚ್ಚಲು ಬರುವುದಿಲ್ಲ. ರುಬ್ಬಿದ ಮೇಲೆ ಅಕ್ಕಿ ಉದ್ದು ಬೇರೆ ಮಾಡಲು ಯಾರಿಂದ ಸಾಧ್ಯ? ಕೈ ಚೆನ್ನಾಗಿದ್ದಷ್ಟು ದಿನ ಅದು ಧೈರ್ಯವಾಗಿತ್ತು.

ಈಗ ನಾನಿಯ ವಿಷಯ. ಈಚೆಗೆ ಅವಳ ಕೈಯಿಂದ ಬಂದ ಹಾಡುಗಳಲ್ಲಿ ಸಾಲಿನ ಕೊನೆಗಳು ಮಾಯವಾಗುತ್ತಿದ್ದವು. ಗಟ್ಟಿಯಾಗಿ ಹೇಳಿದ್ದು ಬರುತ್ತಿತ್ತು, ಇಳಿಸಿ ಹೇಳಿದ್ದು ಇಲ್ಲ. ದೀಪ ಮಂಕಾಗಿದೆ, ಹಿಡಿತ ಸಡಿಲವಾಗಿದೆ ಎಂದು ಸಾಹೇಬರು ತೀರ್ಮಾನಿಸಿ ದೀಪವನ್ನೂ ಚೂರನ್ನೂ ಹೊಸದಾಗಿ ತರಿಸಿ ಹಾಕಿದರು. ಆಗಲೂ ಅಷ್ಟೇ. ಕೊನೆಗೆ ಅವಳ ಸ್ವಿಚ್ಚು ಆರಿಸಿ, ಹಾಡುಗಾರರ ದನಿಯನ್ನು ಅತ್ತೆಯ ಕೈಗೆ ಒಪ್ಪಿಸಿದರು. ಅತ್ತೆ ಕಚ್ಚಿ ಹಿಡಿದಳು, ಸಾಹೇಬರು ಒಟ್ಟು ದನಿಯನ್ನು ಏರಿಸಿದರು, ಅಕ್ಷರ ಅಕ್ಷರವೂ ಕಿವಿಗೆ ಬಂತು. ಅಬ್ಬಾ ಎಂದು ಉಸಿರು ಬಿಟ್ಟರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಅವರಿಗೂ ಗೊತ್ತಿತ್ತು. ಗೊತ್ತಿರುವ ಗಾದೆಯನ್ನು ನಮಗೇ ಅಂತ ಯಾರೂ ತಿಳಿದುಕೊಳ್ಳುವುದಿಲ್ಲ.

ಒಳಗೊಳಗೆ ಒಂದು ಭಯವಿತ್ತು. ಮುಚ್ಚಿಡುವುದೇಕೆ, ಇತ್ತು. ಮಧ್ಯಾಹ್ನದ ಅಜಾನ್‌ಗೆ ಮೊದಲು ಮಸೀದಿಯ ಮೈಕಿನಲ್ಲಿ ಅದನ್ನು ಕೂಗುವ ಮುಅಜ್ಜಿನ್ ಸಾಹೇಬರು ಉಸಿರೆಳೆದುಕೊಳ್ಳುವ ಸದ್ದು ಕೇಳಿಸುತ್ತಿತ್ತು. ಜಿಯಾವುಲ್ಲಾಗೆ ಅಜಾನ್‌ಗಿಂತ ಮೊದಲೇ ಆ ಉಸಿರು ಕರೆಯುತ್ತಿತ್ತು. ಅದು ಯಾವಾಗ ನಿಂತಿತೋ ತಿಳಿಯದು, ಈಗ ಅಜಾನ್ ಒಮ್ಮೆಲೇ ಎದುರಿಗೆ ಬಂದು ನಿಲ್ಲುತ್ತಿತ್ತು. ಫೋನು ಎಡಗಿವಿಯಿಂದ ಬಲಗಿವಿಗೆ ದಾಟಿತ್ತು. ಒಮ್ಮೆ ಫಹ್ಮಿದಾ "ಒಂದ್ಸಲ ಕಿವಿ ತೋರಿಸ್ಕೊಂಡು ಬನ್ನಿ ಜೀ" ಎಂದಿದ್ದಳು. ಅವತ್ತು ಸಾಹೇಬರು ಊಟದ ತಟ್ಟೆ ಸರಿಸಿ ಎದ್ದಿದ್ದರು. "ಆ ಮಾತು ಈ ಮನೇಲಿ ಇನ್ನೊಂದ್ಸಲ ಬರಬಾರ್ದು. ಕಿವುಡನ ಸ್ಟುಡಿಯೋಗೆ ಯಾರು ಬರ್ತಾರೆ? ಗೋಡೆಗೂ ಗೊತ್ತಾಗಬಾರ್ದು, ತಿಳೀತಾ?" ಎಂದು ಕೂಗಾಡಿದ್ದರು. ಆ ಮಾತು ಮತ್ತೆ ಬರಲಿಲ್ಲ. ಅದಾದ ಮೇಲೆಯೇ ಫಹ್ಮಿದಾಳ ಗಂಟಲು ಏರಿದ್ದು. ಬಿಸಿನೀರಿಗೆ ಉಪ್ಪು ಹಾಕಿ ಆಕೆ ದಿನಾ ಬಾಯಿ ಮುಕ್ಕಳಿಸುತ್ತಿದ್ದುದನ್ನು ಕಂಡು ಸಾಹೇಬರು, "ಅಷ್ಟು ಕಿರುಚಿದ್ರೆ ಇನ್ನೇನಾಗತ್ತೆ" ಎಂದು ನಗುತ್ತಿದ್ದರು. ಮೊಹಲ್ಲಾದ ಹೆಂಗಸರು ಆಕೆಗೆ ಲೌಡ್‌ಸ್ಪೀಕರ್ ಎಂದು ಹೆಸರಿಟ್ಟಿದ್ದರು. ಅದನ್ನು ಕೇಳಿ ಅವರೂ ನಕ್ಕಿದ್ದರು.

ಹೀಗಿರುವಾಗ ಶರಣಬಸವನ ಫೋನು ಬಂತು. ಶರಣಬಸವ ಯಾದಗಿರಿ ಕಡೆಯವನು, ಕೆ.ಆರ್. ಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದಾನೆ. ಅಂಗಡಿ ಹೊಟ್ಟೆಗೆ, ಮನಸ್ಸಿಗೆ ಅಂತ ಊರ ಕಡೆಯ ಹಾಡುಗಳದೊಂದು ಚಾನೆಲ್ ನಡೆಸುತ್ತಾನೆ. ಕಟ್ಟಡದ ಕೆಲಸಕ್ಕೆ ಬಂದ ಅವನ ಕಡೆಯ ಜನ ಸಂಜೆ ಶೆಡ್ಡಿನ ಮುಂದೆ ಕೂತು ಫೋನಿನಲ್ಲಿ ಅದನ್ನೇ ಕೇಳುತ್ತಾರೆ. ಜಿಯಾವುಲ್ಲಾ ಅವರ ಸ್ಟುಡಿಯೋದ ಬಾಗಿಲು ಇವತ್ತಿಗೂ ತೆರೆದಿದ್ದರೆ ಹೆಚ್ಚುಪಾಲು ಅವನ ಹಾಡುಗಳಿಂದ. ಹಿಂದಿನ ಹಾಡಿನ ಬಗ್ಗೆ ಅವನು ಫೋನಿನಲ್ಲಿ ಅಂದದ್ದು ಸಾಹೇಬರಿಗೆ ಹೀಗೆ ಕೇಳಿಸಿತು: "ಭಾಯ್, ಬ್ಯಾಸರ ಮಾಡ್ಕೋಬ್ಯಾಡ್ರಿ, ಹಾಡು ಭಾಳ ಸಪ್ಪಿ ಆಗ್ಯಾದ. ಮುಂದ ಹಾಡಾಕ ಬರೋ ಮಾನಮ್ಮಂದು ಹಂಗ ಆಗಬಾರದ್ರಿ."

ಸಪ್ಪೆ! ಸಪ್ಪೆ ಅಂದರೆ ಉಪ್ಪು ಖಾರ ಸಾಲದು. ಸಾಹೇಬರು ಅತ್ತೆಯ ಗುಂಡಿಯನ್ನು ಇನ್ನೊಂದಿಷ್ಟು ತಿರುಗಿಸಿ ಇಟ್ಟರು. ಮಾನಮ್ಮನ ಹಾಡಿನಲ್ಲಿ ಯಾರೂ ಬೆರಳಿಡುವಂತಾಗಬಾರದು ಎಂದು ನಿರ್ಧರಿಸಿದರು. ಈ ಕೆಲಸವೂ ಕೈತಪ್ಪಿದರೆ ಶರಣಬಸವ ಇಂದಿರಾನಗರದ ಗಾಜಿನ ಸ್ಟುಡಿಯೋಗೆ ಹೋಗುತ್ತಾನೆ, ಆಮೇಲೆ ಊರೆಲ್ಲ ಯಾಕೆ ಎಂದು ಕೇಳುತ್ತದೆ, ಕೇಳಿದವರಿಗೆ ಕಾರಣ ತಿಳಿಯುತ್ತದೆ. ಅವರು ಹೆದರುತ್ತಿದ್ದುದು ಆ ಕಾರಣಕ್ಕೆ.

ಮಾನಮ್ಮ ಶರಣಬಸವನ ಜೊತೆ ಬಂದದ್ದು ಬೆಳಗಿನ ತಿಂಡಿಯ ಕೆಲಸ ಮುಗಿಸಿ. ಸಿ.ವಿ. ರಾಮನ್ ನಗರದ ಒಂದು ಲೇಡೀಸ್ ಪಿ.ಜಿ.ಯಲ್ಲಿ ಆಕೆ ಅಡುಗೆಯವಳು. ಸೆರಗಿನಲ್ಲಿ ಒಗ್ಗರಣೆಯ ವಾಸನೆ, ಹಣೆಯಲ್ಲಿ ಕಾಸಗಲ ಕುಂಕುಮ. ಮಾತಾಡುವಾಗ ನಾಚುತ್ತಿದ್ದವಳು ಹಾಡಿನ ವಿಷಯ ಬಂದ ಕೂಡಲೇ ನೆಟ್ಟಗೆ ಕೂತಳು.

"ಇದು ನಮ್ಮವ್ವ ಹಾಡತಿದ್ದ ಹಾಡ್ರೀ ಅಣ್ಣಾ. ಮಗಳ್ನ ಗಂಡನ ಮನಿಗಿ ಕಳಸೋ ಹೊತ್ತಿನ್ಯಾಗ ಹಾಡದು. ಒಂದು ಸಾಲು ಚಪ್ಪರಕ್ಕೆಲ್ಲ ಕೇಳೋ ಹಂಗ ಹಾಡಬೇಕು. ಇನ್ನೊಂದು ಸಾಲು ಮಗಳ ಕಿವ್ಯಾಗ. ಕಿವಿಮಾತು."

"ಚಪ್ಪರಕ್ಕೆ ಯಾವುದು?" ಎಂದರು ಸಾಹೇಬರು, ಆಕೆಯ ತುಟಿಯನ್ನೇ ನೋಡುತ್ತ.

ಮಾನಮ್ಮ ಅಲ್ಲೇ ದನಿ ತೆಗೆದಳು. "ಅತ್ತೀಯ ಮಾತಿಗಿ ಎದುರಾಡಬ್ಯಾಡ, ಮಾವನ ಮನಿಗಿ ದೀಪಾಗು ಮಗಳ." ಮಹಡಿಯ ಮೆಟ್ಟಿಲ ತನಕ ಹೋಗುವ ದನಿ. ಆಮೇಲೆ ಪಕ್ಕದಲ್ಲಿ ಯಾರೋ ನಿಂತಿದ್ದಾರೆ ಎಂಬಂತೆ ತಲೆ ವಾಲಿಸಿ ಏನೋ ಅಂದಳು. ಅದರಲ್ಲಿ ಸಾಹೇಬರಿಗೆ "ಚಿಲಕ" ಎಂಬುದೊಂದು ಬಿಟ್ಟರೆ ಬೇರೇನೂ ಸಿಗಲಿಲ್ಲ. ಸಿಕ್ಕವರ ಹಾಗೆ ತಲೆದೂಗಿ, "ಮಾಷಾ ಅಲ್ಲಾಹ್, ಒಳಗೆ ಹೋಗಮ್ಮಾ" ಎಂದರು. ಈ ತಲೆದೂಗುವ ವಿದ್ಯೆಯನ್ನು ಅವರು ಈಚೆಗೆ ಚೆನ್ನಾಗಿ ಕಲಿತಿದ್ದರು.

ಗಾಜಿನಾಚೆ ಮಾನಮ್ಮ ಹಾಡಿದಳು. ಈಚೆ ಸಾಹೇಬರು ಉಸ್ತಾದರನ್ನು ನೆನೆದು ಬಾಗಿಲಲ್ಲಿ ಅತ್ತೆಯನ್ನು ನಿಲ್ಲಿಸಿ ಹಿಡಿದರು. ಹೆಡ್‌ಫೋನಿನಲ್ಲಿ ಈಗ ಕಿವಿಮಾತು ಕೂಡ ಗಂಟೆಯ ಹಾಗೆ ಕೇಳಿಸಿತು: "ಸಾಕಾದ ದಿನ ಬಂದ್‌ಬಿಡು ಕೂಸ, ಬಾಗ್ಲಿಗಿ ಚಿಲಕ ಹಾಕಂಗಿಲ್ಲ." ಎಂಥ ಮಾತು! ಸಾಹೇಬರ ಕಣ್ಣು ಒದ್ದೆಯಾಯಿತು. ಇಂಥ ಸಾಲನ್ನು ಕಳೆದುಹೋಗಲು ಬಿಡುವುದುಂಟೇ ಎಂದು ಒಟ್ಟು ದನಿಯನ್ನು ಇನ್ನೂ ಒಂದು ಗೆರೆ ಏರಿಸಿದರು. ಒಂದೇ ಉಸಿರಿಗೆ ಹಾಡು ಮುಗಿಯಿತು. ಇಂಥದ್ದು ಎರಡನೇ ಸಲ ಹೀಗೇ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಕೇಳಿಸಲು ಇಬ್ಬರನ್ನೂ ಕೂರಿಸಿದರು. ಮೊದಲ ಸಾಲಿಗೆ ಮಾನಮ್ಮ ನಾಚಿ ನಕ್ಕಳು. ಎರಡನೆಯ ಸಾಲು ಬಂದದ್ದೇ ಆಕೆಯ ಕೈ ಬಾಯಿಗೆ ಹೋಯಿತು. ಹಾಡು ನಿಲ್ಲುವ ತನಕ ತೆಗೆಯಲಿಲ್ಲ.

"ಇದೇನ್ರೀ ಅಣ್ಣಾ," ಎಂದಳು ಕೊನೆಗೆ. "ಕಿವ್ಯಾಗ ಹೇಳಿದ್ ಮಾತು ಅತ್ತಿ ಕೇಳ್ಯಾಳ!"

ಅತ್ತೆ ಎಂಬ ಹೆಸರಿನ ಡಬ್ಬಿ ಕಪಾಟಿನಲ್ಲಿರುವುದು ಆಕೆಗೆ ಗೊತ್ತಿರಲಿಲ್ಲ, ಹಾಡಿನೊಳಗಿನ ಅತ್ತೆಯನ್ನು ಕುರಿತು ಅಂದ ಮಾತದು. ಸಾಹೇಬರಿಗೆ ಮಾತ್ರ ಮೈಮೇಲೆ ಬಿಸಿನೀರು ಬಿದ್ದ ಹಾಗಾಯಿತು.

"ಕೇಳಿಸ್ಲಿ ಅಂತಾನೇ ಎತ್ತಿದ್ದು ಕಣಮ್ಮಾ. ನೀವು ಹಾಡಿದ ಹಾಗೆ ಬಿಟ್ರೆ ಆ ಸಾಲು ಯಾರಿಗೂ ಕೇಳ್ಸಲ್ಲ."

"ಯಾರಿಗಿ ಕೇಳ್ಸಲ್ರಿ? ಅವ್ವ ಚಪ್ಪರದಾಗ ನಿಂತು ಹಿಂಗ ಒದರಿದ್ರ ಮಗಳ ಬಾಳ್ವಿ ಏನಾಗಬೇಕ್ರೀ? ಇದು ನಮ್ಮವ್ವನ ಹಾಡಲ್ಲ ಬಿಡ್ರಿ." ಮಾನಮ್ಮನ ಕಣ್ಣಲ್ಲಿ ನೀರಾಡಿತು. ಸಿಟ್ಟಲ್ಲ, ತಾಯಿಯ ಸೀರೆ ಹರಿದು ಕೊಟ್ಟರೆ ಆಗುವಂಥ ಸಂಕಟ.

ಶರಣಬಸವ ಕೆಮ್ಮಿದ. "ಭಾಯ್, ನಾ ಆವತ್ತ ಫೋನ್ನ್ಯಾಗ ಇದೇ ಅಂದಿದ್ದೆನಲ್ರಿ. ಏರು ಇಲ್ಲ ಇಳಿವು ಇಲ್ಲ, ಹಾಡು ಚಪ್ಪಟಿ ಆಗ್ಯಾದ ಅಂತ."

"ಸಪ್ಪೆ ಅಂದ್ರಿ ನೀವು."

"ಚಪ್ಪಟಿ ಅಂದೆ ಭಾಯ್. ಎರಡು ಸಲ ಅಂದೆ."

ಸಾಹೇಬರು ಇಬ್ಬರ ಮುಖವನ್ನೂ ನೋಡಿದರು. ಚಪ್ಪಟೆ ಅಂದರೆ ಒತ್ತಿದ್ದು ಹೆಚ್ಚಾಯಿತು, ಬಿಡು ಎಂದರ್ಥ. ಸಪ್ಪೆ ಎಂದು ಕೇಳಿಸಿಕೊಂಡು ಅವರು ಇನ್ನಷ್ಟು ಒತ್ತಿದ್ದರು. ಆದರೂ ಸೋಲೊಪ್ಪುವ ಮನಸ್ಸಾಗಲಿಲ್ಲ. ಯಂತ್ರದ್ದೇ ತಪ್ಪು ಎಂದು ತೋರಿಸಿಬಿಡುತ್ತೇನೆ ಎಂಬ ಹಟ ಬಂತು. ಕಪಾಟಿನ ಸ್ವಿಚ್ಚನ್ನೇ ಆರಿಸಿದರು. ನಾಲ್ಕೂ ಡಬ್ಬಿಗಳ ದೀಪ ಹೋಯಿತು.

"ಯಾವ ಮಿಷನ್ನೂ ಬೇಡ. ಇಲ್ಲೇ ನನ್ನ ಪಕ್ಕದಲ್ಲಿ ನಿಂತು ಆ ಸಾಲು ಒಂದ್ಸಲ ಹೇಳಮ್ಮಾ. ಎಷ್ಟು ಕೇಳತ್ತೆ ನೋಡೇಬಿಡೋಣ," ಎಂದು ಮೇಜಿನ ಕಡೆ ಮುಖ ಮಾಡಿ, ಕಣ್ಣು ಮುಚ್ಚಿ ಕೂತರು. ಕಿವಿಗೊಟ್ಟು ಕೂರುವಾಗ ಮೊದಲಿನಿಂದಲೂ ಅವರು ಕೂರುತ್ತಿದ್ದ ರೀತಿ ಅದು.

ಕಾದರು. ಹೊರಗೆ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಇನ್ನೂ ಕಾದರು. ಹೆಂಗಸು ನಾಚಿಕೊಳ್ಳುತ್ತಿದ್ದಾಳೆ ಎಂದುಕೊಂಡು, "ಶುರು ಮಾಡಮ್ಮಾ, ಸಂಕೋಚ ಬೇಡ," ಎಂದರು.

ಕಣ್ಣು ಬಿಟ್ಟರೆ ಮಾನಮ್ಮ ಅವರ ಭುಜದ ಪಕ್ಕದಲ್ಲೇ ನಿಂತಿದ್ದಳು, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ. ಶರಣಬಸವ ನೆಲ ನೋಡುತ್ತಿದ್ದ.

"ಹಾಡಿದೆನ್ರೀ ಅಣ್ಣಾ," ಎಂದಳು ಮಾನಮ್ಮ. ಇದು ಅವರಿಗೆ ಕೇಳಿಸಿತು. ಗಟ್ಟಿಯಾಗಿ, ಕರುಣೆಯಿಂದ, ಕಿವುಡರೊಡನೆ ಮಾತಾಡುವವರ ಹಾಗೆ ಬಿಡಿಸಿ ಬಿಡಿಸಿ ಅಂದಿದ್ದಳು. "ಎರಡೂ ಸಾಲು ಹಾಡಿದೆ."

ಶರಣಬಸವ ಒಳ್ಳೆಯವನು. "ಇರಲಿ ಭಾಯ್, ಇವತ್ತ ಅಕ್ಕಗೂ ದಣಿವಾಗ್ಯಾದ, ಇನ್ನೊಂದ್ ದಿನ ಬರ್ತೀವಿ," ಎಂದು ಅವಸರದಲ್ಲಿ ಚಪ್ಪಲಿ ಹಾಕಿಕೊಂಡ. ಮಾನಮ್ಮ ಮೆಟ್ಟಿಲ ಬಳಿ ತಿರುಗಿ ನಿಂತು ಕೈಮುಗಿದಳು. ಬೈದು ಹೋಗಿದ್ದರೆ ಸಾಹೇಬರಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವರು ಹೋದ ಮೇಲೆ ಜಿಯಾವುಲ್ಲಾ ಆರಿದ ಕಪಾಟಿನ ಮುಂದೆ ಕೂತರು. ನಾನಿಯ ಮೇಲೆ ಕೈಯಿಟ್ಟರು. ಪಾಪ, ಅವಳ ದೀಪ ಸರಿಯಾಗಿಯೇ ಇತ್ತು. ಇವರಿಗೆ ಕೇಳಿಸುವಷ್ಟು ಎತ್ತಲು ಅವಳಿಂದ ಆಗಿರಲಿಲ್ಲ, ಅಷ್ಟೇ. ನಾಚಿಕೆಯಿಂದ ಅವರ ಕಿವಿಗಳೇ ಸುಡುತ್ತಿದ್ದವು. ಅಳು ಬಂತು, ಅತ್ತರು. ಬಾಗಿಲು ಹಾಕಿದರೆ ಹೊರಗೆ ಕೇಳಿಸದ ಕೋಣೆ ಅದು.

ಫ್ರೇಜರ್ ಟೌನ್‌ನಲ್ಲಿ, ಬೇಕರಿಯ ಪಕ್ಕದ ಮೆಟ್ಟಿಲು ಹತ್ತಿದರೆ ಕಿವಿಯ ಕ್ಲಿನಿಕ್ಕು. ಎಷ್ಟೋ ಸಲ ಸಾಹೇಬರು ಬನ್ ತೆಗೆದುಕೊಳ್ಳುವವರ ಹಾಗೆ ಬಂದು ಆ ಬೋರ್ಡು ನೋಡಿ ಹೋಗಿದ್ದರು. ಅವತ್ತು ಮಧ್ಯಾಹ್ನ ಮೆಟ್ಟಿಲು ಹತ್ತಿದರು. ಮಾರಿಯಾ ಎಂಬ ಹೆಣ್ಣುಮಗಳು ಅವರನ್ನು ಒಂದು ಪುಟ್ಟ ಕೋಣೆಯಲ್ಲಿ ಕೂರಿಸಿದಳು. ಆ ಕೋಣೆಯೂ ಗೋಡೆಗೆಲ್ಲ ಮೆತ್ತೆ ಹೊಡೆದದ್ದು, ಗಾಜಿನಾಚೆ ಆಕೆ, ಗಾಜಿನೊಳಗೆ ಹೆಡ್‌ಫೋನ್ ಹಾಕಿಕೊಂಡ ಇವರು. ಜೀವಮಾನವಿಡೀ ಆಚೆ ಕೂತವರು ಈಗ ಈಚೆ.

"ಸೌಂಡ್ ಕೇಳ್ಸಿದ್ರೆ ಬಟನ್ ಒತ್ತಿ ಅಂಕಲ್."

ಗಾಜಿನಾಚೆ ಆಕೆಯ ಬೆರಳು ಆಡುತ್ತಲೇ ಇತ್ತು, ಇವರ ಬೆರಳು ಬಟನ್ ಮೇಲೆ ಸುಮ್ಮನೆ ಕೂತಿರುತ್ತಿತ್ತು. ಕೊನೆಗೆ ಆಕೆ ತಂದು ತೋರಿಸಿದ ಕಾಗದದಲ್ಲಿ ಇವರ ಕಿವಿಯ ಶಕ್ತಿಯ ಗೆರೆ ಎಡದಿಂದ ಹೊರಟು ಬಲಕ್ಕೆ ಬರುತ್ತ ಬಾವಿಗೆ ಇಳಿದಿತ್ತು. ಅದನ್ನು ಓದುವುದನ್ನು ಸಾಹೇಬರಿಗೆ ಯಾರೂ ಕಲಿಸಬೇಕಿರಲಿಲ್ಲ.

"ನಮ್ ಕಿವಿ ಒಳಗೆ ಕೂದಲು ಥರ ಸೆಲ್ಸ್ ಇರ್ತವೆ ಅಂಕಲ್," ಎಂದಳು ಮಾರಿಯಾ. "ಮೆಲ್ಲಗಿನ ಸೌಂಡನ್ನ ಎತ್ತಿಕೊಡೋದು ಅವೇ. ಜೋರಾಗಿದ್ದನ್ನ ಎತ್ತಲ್ಲ, ಹಾಗೇ ಬಿಡ್ತವೆ. ನಿಮ್ದು ಅವೇ ಹೋಗ್ಬಿಟ್ಟಿವೆ. ಅದಕ್ಕೇ ಮೆಲ್ಲಗಿನದು ಕೇಳ್ಸಲ್ಲ, ಜೋರಾಗಿದ್ದು ಮಾತ್ರ ಮೊದಲಿನಷ್ಟೇ ಜೋರು."

"ಕಂಪ್ರೆಸರ್," ಎಂದರು ಸಾಹೇಬರು.

"ಹೂಂ, ಹೆಚ್ಚುಕಮ್ಮಿ ಅದೇ."

"ನನ್ನ ಹತ್ರ ನಾಲ್ಕಿವೆ ಅಂದ್ಕೊಂಡಿದ್ದೆ ಮಗಳೇ. ಐದನೇದು ಕೆಟ್ಟಿದ್ದು ಗೊತ್ತಾಗ್ಲಿಲ್ಲ."

ಮಾರಿಯಾ ನಗಲಿಲ್ಲ. ಪ್ರಯತ್ನ ಮಾಡಿ ನೋಡಲಿ ಎಂದು ಒಂದು ಜೊತೆ ಕಿವಿಯ ಯಂತ್ರಗಳನ್ನು ಕೂರಿಸುತ್ತ, "ಇಷ್ಟು ದಿನ ಮನೇಲಿ ಯಾರೂ ಹೇಳಿಲ್ವಾ ಅಂಕಲ್? ಇಷ್ಟು ಲಾಸ್ ಇದ್ರೆ ಮಾತಾಡೋದೇ ಕಷ್ಟ ಆಗಿರ್ಬೇಕಲ್ಲ?" ಎಂದಳು.

"ಮನೇಲೇನೂ ತೊಂದರೆ ಇಲ್ಲಮ್ಮಾ. ನನ್ನ ಹೆಂಡ್ತಿ ಮಾತು ಯಾವಾಗ್ಲೂ ಜೋರು, ಚೆನ್ನಾಗೇ ಕೇಳತ್ತೆ..."

ಯಾವಾಗಲೂ? ನಿಕಾಹ್ ಆದ ಹೊಸತರಲ್ಲಿ ಆಕೆ ಬಾಗಿಲ ಹಿಂದೆ ನಿಂತು ಮಾತಾಡಿದರೆ ಬಳೆ ಸದ್ದಿನಲ್ಲಿ ಮಾತು ಮುಳುಗುತ್ತಿತ್ತು. ಈ ಹುಡುಗಿಗೆ ನಾನಿಯ ಕೈಯೂ ಭಾರವಾಗುತ್ತದೆ ಎಂದು ತಾವೇ ಉಸ್ತಾದರ ಮುಂದೆ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಮಾರಿಯಾ ಏನೋ ಕೇಳಿದಳು. ಈ ಸಲ ಕಿವಿಗೆ ಬಿದ್ದರೂ ಅವರ ಮನಸ್ಸಿಗೆ ಬರಲಿಲ್ಲ.

ಮೆಟ್ಟಿಲ ಕೆಳಗೆ ನಿಂತು ಶರಣಬಸವನಿಗೆ ಫೋನು ಮಾಡಿದರು. "ಮಾನಮ್ಮನ್ನ ಇನ್ನೊಂದ್ಸಲ ಕರ್ಕೊಂಡ್ ಬನ್ನಿ. ಬಾಗಿಲಲ್ಲಿ ಯಾರನ್ನೂ ನಿಲ್ಸಲ್ಲ, ಆಕೆ ಹಾಡಿದ ಹಾಗೇ ಹಿಡಿದು ಕೊಡ್ತೀನಿ. ಆಮೇಲಿನ ಕೆಲಸ ಯಾರ ಹತ್ರ ಬೇಕಾದ್ರೂ ಮಾಡಿಸಿ. ನನಗೆ ಕಿವಿ ಕೇಳ್ಸಲ್ಲ ಶರಣಬಸವ." ಕೊನೆಯ ಮಾತು ಹೇಳುವಾಗ ರಸ್ತೆಯಲ್ಲಿ ಯಾರಾದರೂ ಕೇಳಿಸಿಕೊಂಡರೇನೋ ಎಂದು ಸುತ್ತ ನೋಡಿದರು. ಆ ಕಡೆಯಿಂದ "ನೋಡೂಣು ಭಾಯ್" ಎಂಬ ಉತ್ತರ ಬಂತು. ಕನ್ನಡದಲ್ಲಿ ನೋಡೋಣ ಅಂದರೆ ಏನೆಂದು ಎಲ್ಲರಿಗೂ ಗೊತ್ತು.

ಕೋಲ್ಸ್ ಪಾರ್ಕಿನ ಹಿಂದಿನ ಮನೆಗೆ ನಡೆದುಕೊಂಡೇ ಹೋದರು. ಕಿವಿಯಲ್ಲಿದ್ದ ಯಂತ್ರಗಳು ಎಲ್ಲವನ್ನೂ ಎತ್ತಿ ಎತ್ತಿ ಕೊಡುತ್ತಿದ್ದವು: ತಮ್ಮದೇ ಚಪ್ಪಲಿಯ ಸದ್ದು, ಯಾರದೋ ಕೈಯ ಪ್ಲಾಸ್ಟಿಕ್ ಚೀಲದ ಸರಸರ, ಗಾಳಿ. ಆಟೋ ಹಾರ್ನ್ ಹೊಡೆದ ಕೂಡಲೇ ಗಪ್ಪನೆ ಹಿಡಿದು, ಹಾರ್ನ್ ಹೋದ ಮೇಲೆ ಮತ್ತೆ ಎಲ್ಲವನ್ನೂ ಮೇಲೆತ್ತುತ್ತಿದ್ದವು. ಒಳಗೊಂದು ಪುಟ್ಟ ಕಂಪ್ರೆಸರ್ ಕೂತಿದೆ, ಅದೂ ಅತ್ತೆಯ ಮನೆತನದ್ದು ಎಂದು ಅವರಿಗೆ ಹತ್ತು ಹೆಜ್ಜೆಯಲ್ಲಿ ತಿಳಿಯಿತು. ಕಿವಿ ಹೋಗಿದ್ದರೂ ಕಸುಬು ಹೋಗಿರಲಿಲ್ಲ.

ಮನೆಯ ಮೆಟ್ಟಿಲಲ್ಲಿ ಕಾಲು ನಿಂತಿತು. ಒಳಗೆ ಪಕ್ಕದ ಮನೆಯ ಸಾಬಿರಾ ಇದ್ದಳು. ಅವಳ ಜೊತೆ ಇನ್ನೊಂದು ಹೆಂಗಸಿನ ದನಿ, ಮೆತ್ತನೆಯದು, ತಳದಲ್ಲಿ ಸ್ವಲ್ಪ ಬಿರುಕು ಬಿಟ್ಟದ್ದು. ಯಾರಿದು ಎಂದು ಒಂದು ಕ್ಷಣ ಅವರಿಗೆ ಗುರುತು ಸಿಗಲಿಲ್ಲ. ಆಮೇಲೆ ಸಿಕ್ಕಿತು: ಫಹ್ಮಿದಾ.

"ನನ್ ಜೊತೆ ಇಷ್ಟು ನಾಜೂಕಾಗಿ ಮಾತಾಡ್ತೀಯ," ಎನ್ನುತ್ತಿದ್ದಳು ಸಾಬಿರಾ. "ಭಾಯ್ ಬಂದ್ರೆ ಸಾಕು, ಆ ಪರಿ ಕಿರುಚಾಡ್ತೀಯಲ್ಲ. ಪಾಪ ಅವರು ಎಷ್ಟು ತಾಳ್ಮೆಯವರು! ಗಂಟಲಲ್ಲಿ ಗಂಟಾಗಿದೆ, ಮಾತೇ ಆಡ್ಬೇಡ ಅಂತ ಡಾಕ್ಟರು ಹೇಳಿಲ್ವಾ ನಿನಗೆ?"

"ನಾನು ಹುಟ್ಟಾ ಜಗಳಗಂಟಿ ಸಾಬಿರಾ," ಎಂದು ಆ ಮೆತ್ತನೆಯ ದನಿ ನಕ್ಕಿತು. "ಅವರನ್ನ ಕಂಡ್ರೆ ಬಾಯಿ ತಾನಾಗೇ ಜೋರಾಗತ್ತೆ. ಏನ್ ಮಾಡ್ಲಿ ಹೇಳು."

ಜಿಯಾವುಲ್ಲಾ ಮೆಟ್ಟಿಲ ಮೇಲೆ ಕೂತುಬಿಟ್ಟರು. ಗೋಡೆಗೂ ಗೊತ್ತಾಗಬಾರದು ಎಂದು ಅಂದು ಕೂಗಾಡಿದ್ದರಲ್ಲ, ಆಕೆ ಗೋಡೆಗೂ ಗೊತ್ತಾಗದ ಹಾಗೆ ನೋಡಿಕೊಂಡಿದ್ದಳು. ಗಂಡನ ಕಿವಿಯ ಕಥೆ ಮುಚ್ಚಲು ತನ್ನ ನಾಲಿಗೆಯ ಮೇಲೆ ಕೆಟ್ಟ ಹೆಸರು ಹೊತ್ತಿದ್ದಳು. ಮೊಹಲ್ಲಾವೆಲ್ಲ ಇವರನ್ನು ತಾಳ್ಮೆಯವರು ಎನ್ನುತ್ತಿತ್ತು. ಇವರೂ ಹೌದೆಂದು ನಂಬಿದ್ದರು. ಥೂ ಇವರ ತಾಳ್ಮೆಗೆ.

ಸಾಬಿರಾ ಸಲಾಂ ಹೇಳಿ ದಾಟಿ ಹೋದ ಮೇಲೆ ಒಳಗೆ ಕಾಲಿಟ್ಟರು. ಅವರನ್ನು ಕಂಡದ್ದೇ ಫಹ್ಮಿದಾ ಕತ್ತು ಎತ್ತಿ, ಕೊರಳ ನರ ಬಿಗಿಯುವ ಹಾಗೆ ದನಿ ಎತ್ತಿದಳು.

"ಇಷ್ಟು ಬೇಗ ಬಂದ್ರಾ? ಚಾ ಮಾಡ್ಲಾ?"

ಯಂತ್ರಗಳಿದ್ದ ಕಿವಿಗೆ ಅದು ಪೆಟ್ಟಿನ ಹಾಗೆ ಬಿತ್ತು. ಸಾಹೇಬರು ಬೆಚ್ಚಿದರು. "ಮೆಲ್ಲಗೆ ಮಾತಾಡು ಫಹ್ಮಿದಾ," ಎಂದರು.

ದಿನವೂ ಗದರುತ್ತಿದ್ದ ಅದೇ ಮಾತು. ಆಕೆಯ ಮುಖ ದಿನದ ಹಾಗೆ ಬಾಡಿತು. ಅಡುಗೆಮನೆಯ ಕಡೆ ತಿರುಗಿದಳು. ಸಾಹೇಬರು ಕೈ ಹಿಡಿದು ನಿಲ್ಲಿಸಿದರು.

"ಗದರ್ತಿಲ್ಲ. ನನಗೆ ಕಿವಿ ಕೇಳ್ಸಲ್ಲ. ಇವತ್ತು ತೋರಿಸ್ಕೊಂಡು ಬಂದೆ."

ಫಹ್ಮಿದಾ ಮೊದಲು ಮಾಡಿದ್ದು ಕಿಟಕಿ ಮುಚ್ಚಿದ್ದು. ಆಮೇಲೆ ತಿರುಗಿ ಅವರ ಕಿವಿಗಳಲ್ಲಿದ್ದುದನ್ನು ನೋಡಿದಳು. ತುಟಿ ಅಲುಗಿತು. ಮಾತು ಬಂತು, ಆದರೆ ಯಂತ್ರ ಅದನ್ನು ಎತ್ತಿ, ಖಾರ ಸವರಿ, ತೆಳುವಾಗಿ ಮಾಡಿ ಕೊಟ್ಟಿತು. ಅದು ಫಹ್ಮಿದಾಳ ದನಿಯಾಗಿರಲಿಲ್ಲ. ಸಾಹೇಬರು ಎರಡನ್ನೂ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಕುರ್ಚಿಯಲ್ಲಿ ಕೂತು, ಬಲಗಿವಿ ತೋರಿಸಿ, "ಇಲ್ಲಿ ಬಂದು ಹೇಳು. ನಿನ್ನ ದನೀಲೇ ಹೇಳು," ಎಂದರು.

ಆಕೆ ಬಂದಳು. ಬಾಗಿ ಕಿವಿಗೆ ಬಾಯಿಟ್ಟಳು. ಬಿಸಿ ಉಸಿರು ತಾಗಿತು, ಅದಕ್ಕೆ ಉಪ್ಪುನೀರಿನ ವಾಸನೆಯಿತ್ತು. ಎಷ್ಟೋ ಹೊತ್ತು ಉಸಿರೊಂದೇ ಬರುತ್ತಿತ್ತು. ಏನು ಹೇಳಬೇಕೆಂದು ಆಕೆಗೂ ಮರೆತುಹೋಗಿರಬೇಕು.

"ಗಂಟಲು ತುಂಬ ನೋಯ್ತದೆ ಜೀ," ಎಂದಳು.

ಆ ಮಾತು ಅವರಿಗೆ ಒಂದೇ ಸಲಕ್ಕೆ ಕೇಳಿಸಿತು.